ಹಮಾಲನ ಮನೆಯ ಮಾಳಿಗೆ

ಸುವಾರ್ತೆಯ ಕಥೆಯೊಂದನ್ನು ಹಿಡಿದುಕೊಂಡು, ಅದರಿಂದ ವಿಶ್ವಾಸಕ್ಕೆ ಬೇಕಾದ ಪಾಠ ತೆಗೆದು ಜನರ ಮುಂದೆ ಇಡುವುದು ನನ್ನ ಕೆಲಸ. ಸಂಬಳ ಅದಕ್ಕೇ ಬರುತ್ತಿತ್ತು. ಎಪ್ಪತ್ತರ ದಶಕದ ಆ ವರ್ಷ ಜಮಖಂಡಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಅಲ್ಲಿಂದ ಮುಧೋಳ, ಬೀಳಗಿ, ಬನಹಟ್ಟಿ, ಮಹಾಲಿಂಗಪುರ ಅಂತ ವಾರವೆಲ್ಲ ಬಸ್ಸಿನಲ್ಲಿ ತಿರುಗಾಟ. ಒಂದೊಂದು ಊರಲ್ಲಿ ನಮ್ಮ ಕ್ರೈಸ್ತರ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ಯಾರದೋ ಪಡಸಾಲೆಯಲ್ಲಿ ಕೂಟ, ಜೋಳದ ರೊಟ್ಟಿ ಊಟ, ಮತ್ತೆ ಬಸ್ಸು.

ನನ್ನದೊಂದು ಪದ್ಧತಿ ಇತ್ತು. ಸೋಮವಾರ ಕಥೆ ಆರಿಸುವುದು. ಬಾಗಿಲು ಹಾಕಿಕೊಂಡು ಜೋರಾಗಿ ಓದುವುದು, ಮತ್ತೆ ಓದುವುದು. ಆಮೇಲೆ ಮೂರು ಪಾಠ ತೆಗೆಯುವುದು. ಎರಡಾದರೆ ಜನರಿಗೆ ಕಡಿಮೆ ಅನ್ನಿಸುತ್ತದೆ, ನಾಲ್ಕಾದರೆ ಮರೆಯುತ್ತಾರೆ. ಪ್ರತಿ ಪಾಠಕ್ಕೂ ಸಂತೆಯದೋ ಹೊಲದ್ದೋ ಒಂದು ಉದಾಹರಣೆ ಕಟ್ಟುವುದು. ಅದೇ ಕಥೆಯನ್ನು ಎಲ್ಲ ಊರಲ್ಲೂ ಹೇಳುತ್ತ ಹೋದರೆ ಶನಿವಾರದ ಹೊತ್ತಿಗೆ ಅದು ನಾಲಿಗೆಗೆ ಪಳಗಿರುತ್ತಿತ್ತು. ಆ ಕಸುಬಿನಲ್ಲಿ ನಾನು ಬರೋಬ್ಬರಿ ಇದ್ದೇನೆ ಅಂತ ನನಗೆ ಅನ್ನಿಸಿತ್ತು ಕೂಡ.

ಆ ವಾರ ಹಿಡಿದದ್ದು ಕಪೆರ್ನೌಮಿನ ಮನೆಯ ಕಥೆ. ಯೇಸು ಒಂದು ಮನೆಯಲ್ಲಿ ಕೂತು ಮಾತಾಡುತ್ತಿದ್ದಾನೆ, ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಕೈಕಾಲು ಬಿದ್ದುಹೋದ ಒಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ. ಒಳಗೆ ಹೋಗಲಾಗದೆ ಮಾಳಿಗೆ ಹತ್ತುತ್ತಾರೆ, ಮಣ್ಣು ಅಗೆದು ತೂತು ಮಾಡುತ್ತಾರೆ, ಹಾಸಿಗೆ ಸಮೇತ ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ಅವನನ್ನು ಮಗನೇ ಅಂತ ಕರೆದು, ನಿನ್ನ ಪಾಪಕ್ಕೆ ಕ್ಷಮೆ ಸಿಕ್ಕಿತು ಅನ್ನುತ್ತಾನೆ. ಕೂತಿದ್ದ ಶಾಸ್ತ್ರಿಗಳು, ಪಾಪ ಕ್ಷಮಿಸಲು ಇವನು ಯಾರು ಅಂತ, ಒಳಗೊಳಗೇ ಗೊಣಗುತ್ತಾರೆ. ಆಮೇಲೆ ಯೇಸು ಅವನಿಗೆ ಎದ್ದು ಹಾಸಿಗೆ ಹೊತ್ತುಕೊಂಡು ಮನೆಗೆ ನಡೆ ಅನ್ನುತ್ತಾನೆ. ಅವನು ಎದ್ದು ಹೋಗುತ್ತಾನೆ.

ಈ ಕಥೆ ನಮ್ಮ ಕಡೆಯ ಮನೆಗಳಿಗೆ ಹೇಳಿ ಮಾಡಿಸಿದ ಹಾಗಿದೆ. ನಾನು ಕಲಿತ ಊರಲ್ಲಿ ಎಲ್ಲ ಹಂಚಿನ ಮನೆ; ಮಾಳಿಗೆ ಹತ್ತಿ ಅಗೆದರು ಅಂದರೆ ಅಲ್ಲಿ ಬಿಡಿಸಿ ಹೇಳಬೇಕಾಗಿತ್ತು. ಇಲ್ಲಿ ಬೇಕಿಲ್ಲ. ಕಟ್ಟಿಗೆಯ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಬೇವಿನ ಟೊಂಗೆ, ಅದರ ಮೇಲೆ ಗೇಣುದ್ದ ಮಣ್ಣು. ನಡುವೆ ಬೆಳಕು ಬರಲು ಒಂದು ಬೆಳಕಿಂಡಿ. ಹಪ್ಪಳ ಒಣಹಾಕಲಿಕ್ಕೆ, ಬೇಸಿಗೆಯಲ್ಲಿ ಮಲಗಲಿಕ್ಕೆ ಎಲ್ಲರೂ ಮಾಳಿಗೆ ಹತ್ತುವವರೇ. ನನ್ನ ಮೂರು ಪಾಠಗಳು: ನಾಲ್ವರ ವಿಶ್ವಾಸ, ಅವರ ಹಟ, ಕರ್ತನ ಶಕ್ತಿ. ಮುಧೋಳದಲ್ಲಿ ಕೇಳಿದವರು ತಲೆದೂಗಿದರು. ಬೀಳಗಿಯಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡಳು.

ಮಹಾಲಿಂಗಪುರದಲ್ಲಿ ಮಾತ್ರ, ಕೂಟಕ್ಕೆ ಮುಂಚೆಯೇ ಒಬ್ಬ ಹೆಣ್ಣುಮಗಳು ನನ್ನನ್ನು ಓಣಿಯ ತಿರುವಿನಲ್ಲಿ ತಡೆದಳು. ಖಾನಾವಳಿಗೆ ರೊಟ್ಟಿ ಬಡಿದುಕೊಡುವಾಕೆ, ನಮ್ಮ ಸಭೆಯವಳೇ.

"ಅಯ್ಯನವ್ರ, ಇವತ್ತ ಯಾವ ಕಥಿ ಓದತೀರಿ?"

ಹೇಳಿದೆ.

"ಅದನ್ನ ಗುಡ್ಯಾಗ ಓದ್ರಿ. ನಮ್ಮನಿಗೆ ಬಂದಾಗ ಓದಬ್ಯಾಡ್ರಿ. ಬಂದೋರೆಲ್ಲ ಅವರ ಮುಂದ ಅದನ್ನ ಓದತಾರ, ಚಾ ಕುಡದ ಹೋಗತಾರ. ಆಮ್ಯಾಲ ಅವರು ಉಣ್ಣಾಂಗಿಲ್ರಿ."

ಗುಡಿ ಅಂದರೆ ನಮ್ಮ ಚರ್ಚು, ಮಹಾಲಿಂಗಪುರದಲ್ಲಿ ಚಿಕ್ಕದೊಂದು ಇತ್ತು. 'ಅವರು' ಅಂದರೆ ಆಕೆಯ ಗಂಡ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಹಮಾಲ. ಲಾರಿಗೆ ಬೆಲ್ಲದ ಪೆಂಟಿ, ಅಂದರೆ ದಪ್ಪ ಅಚ್ಚು, ಏರಿಸುವಾಗ ಹಲಗೆ ಜಾರಿ, ಮೇಲಿನ ಪೆಂಟಿಗಳು ಬೆನ್ನಿನ ಮೇಲೆ ಬಿದ್ದು ಸೊಂಟದ ಕೆಳಗೆ ಜೀವ ಇಲ್ಲದಂತಾಗಿತ್ತು. ಮೀರಜಿನ ದವಾಖಾನೆಯವರೂ ಇನ್ನು ಇಷ್ಟೇ ಅಂದಿದ್ದರು. ಅಂದಿನಿಂದ ಆತ ಮನೆಯ ನಡುವೆ, ಬೆಳಕಿಂಡಿಯ ಕೆಳಗೆ, ಹಗ್ಗ ಹೆಣೆದ ಹೊರಸಿನ ಮೇಲೆ. ತೋಳು ಮಾತ್ರ ಹಮಾಲನವೇ ಉಳಿದಿದ್ದವು. ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು ತಾನೇ ಎದ್ದು ಕೂಡುತ್ತಿದ್ದ.

ಅವರಿಗೆ ಒಬ್ಬಳೇ ಮಗಳು, ಬಾಲವಾಡಿ ಶಿಕ್ಷಕಿ. ಬೀಳಗಿಯ ಒಬ್ಬ ಕಂಪೌಂಡರ್ ಜೊತೆ ಅವಳ ಲಗ್ನ ನಿಶ್ಚಯವಾಗಿತ್ತು. ನಮ್ಮ ಲಗ್ನದ ಕ್ರಮದಲ್ಲಿ ಒಂದು ಪ್ರಶ್ನೆ ಇದೆ: ಈ ಕನ್ಯೆಯನ್ನು ಮದುವೆಗೆ ಕೊಡುವವರು ಯಾರು ಅಂತ ಪಾದ್ರಿ ಎಲ್ಲರ ಮುಂದೆ ಕೇಳಬೇಕು, ಅಪ್ಪ ಉತ್ತರ ಕೊಡಬೇಕು. ಅಪ್ಪ ಇಲ್ಲದಿದ್ದರೆ ಅಣ್ಣನೋ ಕಾಕಾನೋ ಕೊಡಬಹುದು. ಹಮಾಲ ಮೊದಲೇ ಹೇಳಿಬಿಟ್ಟಿದ್ದ, ಆ ಮಾತು ನನ್ನ ತಮ್ಮ ಅಂತಾನ, ನಾ ಗುಡಿಗೆ ಬರಾಂಗಿಲ್ಲ ಅಂತ.

ಮಗಳು ಜಮಖಂಡಿಗೆ ನಮ್ಮ ಮನೆಗೇ ಬಂದಳು. ಚಹಾ ಕೊಟ್ಟರೂ ಮುಟ್ಟಲಿಲ್ಲ.

"ನಮ್ಮಪ್ಪ ಜೀವಂತ ಅದಾನ್ರಿ," ಅಂದಳು. "ಕಾಕಾ ಯಾಕ ಅನಬೇಕು? ಅಪ್ಪ ಅಂದ್ರ ಲಗ್ನ ಆಗತೇನಿ. ಇಲ್ಲಂದ್ರ ಬೀಳಗಿಯವ್ರಿಗೆ ನೀವ ಹೇಳ್ರಿ, ಬ್ಯಾರೆ ಹುಡಿಗಿ ನೋಡಕೊಳ್ರಿ ಅಂತ."

ಗಂಡಿನ ಕಡೆಯವರೂ ಅವಸರದಲ್ಲಿದ್ದರು. ಹುಡುಗಿ ಹಟದವಳು ಅನ್ನುವ ಮಾತು ಆಗಲೇ ಬೀಳಗಿಯಿಂದ ನನ್ನ ಕಿವಿಗೆ ಬಂದಿತ್ತು. ಈ ಸಂಬಂಧ ತಪ್ಪಿದರೆ ಹಮಾಲನ ಮಗಳನ್ನು ಇನ್ನೊಬ್ಬರು ಕೇಳಿಕೊಂಡು ಬರುವುದು ಕಷ್ಟ ಅಂತ ಆಕೆಯ ತಾಯಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನನಗೆ ದಾರಿ ನಿಚ್ಚಳವಾಗಿ ಕಂಡಿತು. ವಾರವೆಲ್ಲ ಏನು ಹೇಳುತ್ತ ಬಂದಿದ್ದೆನೋ ಅದನ್ನೇ ಮಾಡಿ ತೋರಿಸಿದರಾಯಿತು. ನಾಲ್ವರು ಗಟ್ಟಿಮುಟ್ಟಾದ ಗಂಡಸರು, ಒಂದು ಹೊರಸು. ಬರುವ ಭಾನುವಾರ ಆತನನ್ನು ಹೊತ್ತು ಗುಡಿಗೆ ತರೋಣ; ಒಮ್ಮೆ ಬಂದು ಅಭ್ಯಾಸವಾದರೆ ಲಗ್ನಕ್ಕೂ ಬರುತ್ತಾನೆ. ಸಭೆಯ ಹಿರಿಯ, ನಿವೃತ್ತ ಸಾಲಿ ಮಾಸ್ತರ, ತೊಡೆ ತಟ್ಟಿಕೊಂಡ. "ಇದ ಪಾಠ ಅಂದ್ರ. ನಾಕು ಮಂದಿನ್ನ ನಾ ತರತೇನಿ," ಅಂದ. ಹಮಾಲನಿಗೆ ಮುಂಚೆ ಹೇಳುವುದು ಬೇಡ, ಬೇಡ ಅಂದುಬಿಡುತ್ತಾನೆ, ಅಂತ ಇಬ್ಬರೂ ಸೇರಿ ತೀರ್ಮಾನಿಸಿದೆವು.

ಭಾನುವಾರ ಬೆಳಿಗ್ಗೆ ನಾವು ಒಳಗೆ ಹೋಗಿ ಹೊರಸಿಗೆ ಕೈಹಾಕಿದಾಗ ಹಮಾಲ ಏನೂ ಅನ್ನಲಿಲ್ಲ. ನಮ್ಮ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಸುಮ್ಮನಾದ. ಒಪ್ಪಿದ ಅಂತ ನಾವು ತಿಳಿದುಕೊಂಡೆವು.

ಹೊರಸನ್ನು ಸೊಂಟದ ಮಟ್ಟಕ್ಕೆ ಹಿಡಿದು ಒಯ್ಯಬೇಕೆಂದು ಮೊದಲೇ ಮಾತಾಗಿತ್ತು. ಆದರೆ ಆ ಓಣಿಯಲ್ಲಿ ಎರಡೂ ಕಡೆ ಮನೆಗಳ ಮುಂದೆ ಕಟ್ಟೆ. ಕಟ್ಟೆಗಳ ನಡುವೆ ಒಂದು ಎತ್ತು ಹಾಯುವಷ್ಟು ದಾರಿ. ಹೊರಸು ಸಿಕ್ಕಿಕೊಂಡಿತು. ಹಿಂದಿನವರು "ಮ್ಯಾಲ ಎತ್ರಿ" ಅಂದರು. ಕಟ್ಟೆಗಿಂತ ಮೇಲೆ ಜಾಗ ಅಗಲ. ನಾಲ್ವರೂ ಒಂದೇ ಸಲಕ್ಕೆ ಹೊರಸನ್ನು ಹೆಗಲಿಗೆ ಏರಿಸಿದರು. ಅದು ಹೊತ್ತು ಬದುಕುವ ಜನರಿಗೆ ತಾನಾಗಿ ಬರುವ ಕೆಲಸ, ಯಾರೂ ವಿಚಾರ ಮಾಡಲಿಲ್ಲ. ಎಲ್ಲರಿಗಿಂತ ಮುಂದೆ ನಾನು, ಆರಾಧನೆಗೆ ತಯಾರಾಗಿ, ಬಿಳಿ ನಿಲುವಂಗಿ ತೊಟ್ಟು, ಎದೆಗೆ ಸತ್ಯವೇದ ಹಿಡಿದು ನಡೆಯುತ್ತಿದ್ದೆ.

ಓಣಿ ಮುಗಿದು ಪೇಟೆಗೆ ಬಂದೆವು. ಮೊದಲ ಅಂಗಡಿಯವನು ನಮ್ಮನ್ನು ನೋಡಿ ಬಾಗಿಲನ್ನು ಅರ್ಧ ಎಳೆದ. ಪಕ್ಕದವನೂ ಎಳೆದ. ಚಹಾ ಕುಡಿಯುತ್ತಿದ್ದ ರೈತರು ಬಸಿ ಕೆಳಗಿಟ್ಟು ಎದ್ದು ನಿಂತು ಟೊಪ್ಪಿಗೆ ತೆಗೆದರು. ಆಗಲೂ ನನಗೆ ತಿಳಿಯಲಿಲ್ಲ. ನಿಲುವಂಗಿಗೆ ಮರ್ಯಾದೆ ಕೊಡುತ್ತಿದ್ದಾರೆ ಅಂದುಕೊಂಡೆ. ಚುರುಮುರಿ ಮಾರುವ ಮುದುಕಿಯೊಬ್ಬಳು ಹಿಡಿ ಚುರುಮುರಿಯನ್ನು ಹೊರಸಿನತ್ತ ಎರಚಿ, ಸೆರಗನ್ನು ಬಾಯಿಗೆ ಹಿಡಿದು, ಪಕ್ಕದವಳನ್ನು ಕೇಳಿದಳು.

"ಯಾರ ಹ್ವಾದ್ರಬೇ?"

ಹೊರಸಿನ ಮೇಲಿಂದ ಹಮಾಲನೇ ಉತ್ತರ ಕೊಟ್ಟ. "ನಾನ ಬೇ. ಇನ್ನಾ ಹೋಗಿಲ್ಲ, ಒಯ್ಯಾಕತ್ತಾರ."

ಮುದುಕಿ ಕೈಯಲ್ಲಿದ್ದ ಸೇರು ಕೆಳಗೆ ಹಾಕಿ ಕೂತುಬಿಟ್ಟಳು. ಯಾರೋ ನಕ್ಕರು. ಹಮಾಲ ಕಂಬಳಿ ಎಳೆದು ಮುಖದ ಮೇಲೆ ಹಾಕಿಕೊಂಡ. ಅದರಿಂದ ಇನ್ನಷ್ಟು ಹೆಣದ ಹಾಗೆಯೇ ಕಾಣತೊಡಗಿದ. ಕಂಬಳಿಯೊಳಗಿಂದ ಒಂದೇ ಮಾತು ಬಂತು: "ತಿರಗಸ್ರಿ."

ತಿರುಗಿಸಿದೆವು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಅಂಗಡಿಯವರ ಮೇಲೆ, ಮುದುಕಿಯ ಮೇಲೆ, ಕಟ್ಟೆ ಕಟ್ಟಿದವರ ಮೇಲೆ ಎಲ್ಲ ಸಿಟ್ಟು ಬಂತು. ಹೊರಸನ್ನು ಮತ್ತೆ ಬೆಳಕಿಂಡಿಯ ಕೆಳಗೆ ಇಟ್ಟ ಮೇಲೆ ಹಮಾಲ ಹಗ್ಗ ಹಿಡಿದು ಎದ್ದು ಕೂತ. ದನಿ ಏರಿಸಲಿಲ್ಲ.

"ಅಯ್ಯನವ್ರ, ಇಡೀ ಜಲ್ಮ ಹೊತ್ತಾಂವ ನಾ. ನಾಕು ಮಂದಿ ಹೆಗಲ ಮ್ಯಾಲ ಒಂದ ಸರತಿ ಹೋಗೂದೈತಿ, ಅದು ಯಾವಾಗಂತ ನಿಮಗೂ ಗೊತ್ತೈತಿ. ಇಷ್ಟ ಲಗೂ ಯಾಕ ಒಯ್ದ್ರಿ?" ಮತ್ತೆ ಅಂದ: "ನನ್ನ ಒಂದ ಮಾತ ಕೇಳಿದ್ರೇನ್ರಿ?"

ಹಿರಿಯ ಮಾಸ್ತರ ಹೊರಗೆ ಕಟ್ಟೆಯ ಮೇಲೆ ಕೂತು ನೆಲ ನೋಡುತ್ತಿದ್ದ. ಮಗಳು ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದವಳು, ಅಪ್ಪನಿಗೆ ಕೇಳುವ ಹಾಗೇ ಹೇಳಿದಳು: "ಲಗ್ನ ಬ್ಯಾಡ್ರಿ ಅಯ್ಯನವ್ರ. ಆತು ಬಿಡ್ರಿ."

ಮರುದಿನ ಸೋಮವಾರ, ಹೊಸ ಕಥೆ ಆರಿಸುವ ದಿನ. ಪುಸ್ತಕ ತೆರೆದರೆ ಕೈ ತಾನಾಗಿ ಅದೇ ಪುಟಕ್ಕೆ ಹೋಯಿತು. ಸಿಟ್ಟಿನಿಂದಲೇ ಓದತೊಡಗಿದೆ. ನನ್ನ ಒಂದು ಮಾತು ಕೇಳಿದಿರೇನು ಅನ್ನುವುದು ತಲೆಯಲ್ಲಿ ಕೊರೆಯುತ್ತಿತ್ತು. ಕಥೆಯೊಳಗಿನ ಆ ಮನುಷ್ಯನನ್ನಾದರೂ ಆ ನಾಲ್ವರು ಕೇಳಿದ್ದರೇನು ಅಂತ ಹುಡುಕಿದೆ. ಇಲ್ಲ. ಕೇಳಿದ್ದು ಎಲ್ಲೂ ಇಲ್ಲ. ಅವನ ಮಾತು ಯಾವುದು ಅಂತ ಹುಡುಕಿದೆ. ಅದೂ ಇಲ್ಲ. ಶಾಸ್ತ್ರಿಗಳ ಮನಸ್ಸಿನ ಗೊಣಗಾಟ ಬರೆದಿದೆ, ಜನರ ಆಶ್ಚರ್ಯ ಬರೆದಿದೆ. ಆ ಮನುಷ್ಯ ಮೊದಲಿನಿಂದ ಕೊನೆಯವರೆಗೆ ಬಾಯಿಯನ್ನೇ ತೆರೆಯುವುದಿಲ್ಲ. ಎಷ್ಟು ಸಲ ಹೇಳಿದ್ದೆ ಈ ಕಥೆಯನ್ನು. ಹೊತ್ತವರ ಬಗ್ಗೆ ಮೂರು ಪಾಠ ತೆಗೆದಿದ್ದೆ, ಹೊರಸಿನ ಮೇಲಿದ್ದವನ ಹತ್ತಿರ ಒಮ್ಮೆಯೂ ನಿಂತಿರಲಿಲ್ಲ.

ಈಗ ನಿಂತೆ. ಅವನ ಜೊತೆ ಮಾಳಿಗೆಯಿಂದ ಇಳಿದೆ. ಇಳಿದ ಕೂಡಲೇ ಯೇಸು ಮೊದಲು ಆಡಿದ ಮಾತು ಯಾವುದು ಅಂತ ಬೆರಳಿಟ್ಟು ನೋಡಿದೆ. ಏಳು ಅನ್ನಲಿಲ್ಲ. ಮಗನೇ ಅಂದ. ಅದನ್ನು ಅಂದಾಗ ಅವನು ಇನ್ನೂ ಮಲಗಿದ್ದಾನೆ. ಕಾಲು ಬಂದಿಲ್ಲ, ಬರುತ್ತದೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ನಡುವೆ ಶಾಸ್ತ್ರಿಗಳ ತಕರಾರು ನಡೆಯುತ್ತದೆ, ಅಷ್ಟು ಹೊತ್ತೂ ಅವನು ಹಾಸಿಗೆಯ ಮೇಲೇ ಇದ್ದಾನೆ, ಮಗನಾಗಿಯೇ ಇದ್ದಾನೆ. ಕ್ಷಮೆ ಸಿಕ್ಕಿದೆ, ಎದ್ದಿಲ್ಲ.

ಹೊರಗೆ ನೀರಿನ ಗಾಡಿಯವನು ಕೂಗುತ್ತಿದ್ದ, ನನ್ನ ಹೆಂಡತಿ ಕೊಡ ತೆಗೆದುಕೊಂಡು ಹೋದಳು, ಬಂದಳು. ನಾನು ಕೂತಲ್ಲೇ ಕೂತಿದ್ದೆ. ಎಷ್ಟೋ ಸಲ ಹಾದುಹೋದ ಓಣಿಯಲ್ಲಿ ಅಷ್ಟು ದೊಡ್ಡ ಬಾಗಿಲೊಂದು ಇತ್ತು, ನಾನು ನೋಡಿರಲಿಲ್ಲ. ಹೆದರಿಕೆಯೂ ಆಯಿತು, ಸಂತೋಷವೂ ಆಯಿತು. ನಾನು ಪಾಠ ತೆಗೆಯುತ್ತೇನೆ ಅಂತ ಇಷ್ಟು ದಿನ ಹೇಳಿಕೊಂಡು ತಿರುಗುತ್ತಿದ್ದೆನಲ್ಲ, ಆ ಕಥೆ ನನ್ನನ್ನೇ ಹಿಡಿದು ಕೂರಿಸಿತ್ತು.

ಮಧ್ಯಾಹ್ನದ ಬಸ್ಸಿಗೆ ಮಹಾಲಿಂಗಪುರಕ್ಕೆ ಹೋದೆ. ನಿಲುವಂಗಿ ಇಲ್ಲ, ಪುಸ್ತಕ ಚೀಲದೊಳಗೆ. ಹೊಸ್ತಿಲಲ್ಲೇ ನಿಂತು, ಒಳಗೆ ಬರಲೇ ಅಂತ ಕೇಳಿದೆ.

"ಬರ್ರಿ," ಅಂದ ಹಮಾಲ. "ಇವತ್ತ ಎಷ್ಟ ಮಂದಿ ಅದೀರಿ?"

"ನಾನೊಬ್ಬನೇ."

ಹೆಂಡತಿ ಚಾಪೆ ಹಾಸಿದಳು. ನಾನು ಹೊರಸಿನ ಪಕ್ಕ ಕೂತು, ನಿನ್ನೆ ಕೇಳಬೇಕಾಗಿದ್ದನ್ನು ಇವತ್ತು ಕೇಳುತ್ತೇನೆ, ನಿನಗೇನು ಬೇಕು ಹೇಳು, ನಿನ್ನ ಮಾತೇ ಆಗಲಿ ಅಂದೆ. ಆತ ಮೇಲೆ ನೋಡುತ್ತ ಮಲಗಿದ್ದ. ಬೆಳಕಿಂಡಿಯಲ್ಲಿ ಒಂದು ಗುಬ್ಬಿ ಹುಲ್ಲಿನ ಕಡ್ಡಿ ತಂದು ಇಡಲು ನೋಡುತ್ತಿತ್ತು, ಅದು ಜಾರಿ ಕಂಬಳಿಯ ಮೇಲೆ ಬಿತ್ತು. ಆತ ಅದನ್ನು ತೆಗೆದು ಪಕ್ಕಕ್ಕಿಟ್ಟ.

"ನಾ ಗುಡಿಗೆ ಬರಾಂಗಿಲ್ರಿ. ನೀವು ಬರ್ರಲಾ ಇಲ್ಲಿಗೆ."

"ಇಲ್ಲಿ ಹತ್ತು ಮಂದಿ ಕೂಡ್ರಾಕೂ ಜಾಗ ಇಲ್ಲ," ಅಂದಳು ಹೆಂಡತಿ.

"ಮ್ಯಾಲ ಐತೆಲ್ಲ," ಅಂದ ಹಮಾಲ. ಬೆರಳಿನಿಂದ ಬೆಳಕಿಂಡಿ ತೋರಿಸಿದ. "ದಿನಾ ಅದನ್ನ ನೋಡಕೋತ ಮಕ್ಕೊಂಡಿರತೇನಿ. ಮಾಳಗಿ ಮ್ಯಾಲ ಮಕ್ಕಳು ಓಡ್ಯಾಡಿದ್ರ ಯಾರ ಮನಿ ಮಕ್ಕಳಂತ ಹೆಜ್ಜಿ ಮ್ಯಾಗ ಹೇಳತೇನಿ. ಅಲ್ಲಿ ಲಗ್ನಾ ಮಾಡ್ರಿ. ನೀವು ಮ್ಯಾಲಿಂದ ಕೇಳ್ರಿ, ನಾ ಕೆಳಗಿಂದ ಹೇಳತೇನಿ."

ನಾನು ನಕ್ಕುಬಿಟ್ಟೆ, ನಗು ಅರ್ಧಕ್ಕೆ ನಿಂತಿತು. ಕಪೆರ್ನೌಮಿನ ಮನೆಯೇ ಕಣ್ಣ ಮುಂದೆ ಇತ್ತು, ಮಾಳಿಗೆ, ತೂತು, ಕೆಳಗೊಬ್ಬ. ಮಗಳು ಒಲೆ ಬಿಟ್ಟು ಬಂದು ಅಪ್ಪನ ಕಾಲ ಹತ್ತಿರ ಕೂತಳು. ಜೀವವಿಲ್ಲದ ಆ ಕಾಲನ್ನು ಒತ್ತತೊಡಗಿದಳು.

ಆಮೇಲೆ ನಾನು ಬೆಳಿಗ್ಗೆ ಕಂಡದ್ದನ್ನು ಹೇಳಲೇ ಅಂತ ಕೇಳಿದೆ. ಅದೇ ಕಥೆ, ಬೇಡವಾದರೆ ಬಿಡುತ್ತೇನೆ ಅಂದೆ. ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ಹಮಾಲ "ಹೇಳ್ರಿ" ಅಂದ. ಹೇಳಿದೆ. ಮೊದಲು ಕರೆದದ್ದು ಮಗನೇ ಅಂತ, ಏಳು ಅಂದದ್ದು ಆಮೇಲೆ.

"ಎದ್ದ ಮ್ಯಾಲ ಅಲ್ಲೇನ್ರಿ?"

"ಅಲ್ಲ. ಮೊದಲು."

"ಮಕ್ಕೊಂಡಾಗನ?"

"ಮಕ್ಕೊಂಡಾಗನೇ."

"ಓದ್ರಿ," ಅಂದ. ಓದಿದೆ. ಆ ಮಾತು ಬಂದಲ್ಲಿ ಕೈ ಎತ್ತಿ ನಿಲ್ಲಿಸಿದ. "ಇಲ್ಲೇ ಬಿಡ್ರಿ. ಮುಂದಿಂದು ನನಗ ಗೊತ್ತೈತಿ." ಅಂದು ರಾತ್ರಿ ಉಂಡನಂತೆ, ಹೆಂಡತಿ ಮುಂದಿನ ವಾರ ಹೇಳಿದಳು.

ತೀರ್ಮಾನವಾಯಿತು, ಕೆಲಸ ಶುರುವಾಯಿತು. ಮೊದಲು ಬೆಳಗಾವಿಗೆ ಹೋಗಿ ನಮ್ಮ ಮೇಲ್ವಿಚಾರಕ ಸಭಾಪಾಲಕರನ್ನು ಕಂಡೆ. ಗುಡಿಯ ಹೊರಗೆ ಲಗ್ನ ಮಾಡಲು ಅವರ ಒಪ್ಪಿಗೆ ಬೇಕು. ಎಲ್ಲ ಕೇಳಿ ಅವರು ಕನ್ನಡಕ ತೆಗೆದು ಒರೆಸಿದರು.

"ಮಾಳಿಗೆ ಕುಸಿದರೆ?"

"ಗೌಂಡಿಗೆ ತೋರಿಸ್ತೀನ್ರಿ."

"ತೋರಿಸಿ. ಅವನು ಹ್ಞೂಂ ಅಂದರೆ ನನ್ನದೂ ಹ್ಞೂಂ."

ಗೌಂಡಿ ಬಂದ, ಮನೆ ಕಟ್ಟುವ ಕಸುಬಿನವನು. ಕೆಳಗೆ ನಿಂತು ತೊಲೆಗಳನ್ನು ಕೋಲಿನಿಂದ ಬಡಿದು ಸದ್ದು ಕೇಳಿದ. ಒಂದು ತೊಲೆಯ ತುದಿ ಗೆದ್ದಲು ತಿಂದಿತ್ತು. ಮೇಲೆ ಹತ್ತಿ ಮಣ್ಣು ಅಗೆದು ನೋಡಿದ. ಪ್ರತಿ ವರ್ಷ ಸೋರುವಲ್ಲಿ ಹಾಕಿದ ಮಣ್ಣು ಸೇರಿ ಸೇರಿ ಭಾರ ಹೆಚ್ಚಾಗಿತ್ತು. ಕೆಳಗಿಳಿದು ಅಡ್ಡಡ್ಡ ತಲೆಯಾಡಿಸಿದ.

"ಏಳೆಂಟ ಮಂದಿ ನಿಂದ್ರಬಹುದ್ರಿ, ಗುಜ್ಜಿ ಕೊಟ್ರ. ಇಡೀ ಮೆರವಣಿಗಿ ಹತ್ತಿದ್ರ ಲಗ್ನಕ್ಕ ಬಂದೋರೆಲ್ಲ ಇವನ ಹಾಸಿಗ್ಯಾಗ ಬೀಳತಾರ."

ಎಲ್ಲ ಮುಗಿಯಿತು ಅಂದುಕೊಂಡೆ. ಏಳೆಂಟು ಜನರಲ್ಲಿ ಲಗ್ನ ಮಾಡಿದರೆ ಬೀಳಗಿಯವರು ಕಟ್ಟೆಯ ಮೇಲೆ ಕೂಡುತ್ತಾರೆಯೇ? ಹಿರಿಯ ಮಾಸ್ತರನಿಗೆ ಮೊದಲಿನಿಂದಲೂ ಸಮಾಧಾನವಿರಲಿಲ್ಲ. "ಗುಡಿ ಇಟಗೊಂಡು ಮಾಳಗಿ ಮ್ಯಾಲ ಆರಾಧನಿ? ಮಂದಿ ಏನಂದಾರು?" ಅಂತ ಅಂದೇ ಅಂದ. ಅವತ್ತು ಹೊರಸು ಹೊರಿಸಿದಾಗ ಮಂದಿ ಏನಂದರು ಅಂತ ನಾನು ಕೇಳಿದೆ. ಮಾಸ್ತರ ಎದ್ದು ಹೋದ. ಎರಡು ದಿನ ಮಾತಿಲ್ಲ.

ಪಕ್ಕದ ಮನೆ ಬೆಲ್ಲದ ವ್ಯಾಪಾರಿಯದು. ವಿಭೂತಿ ಧರಿಸುವ ಶೈವ ಮನೆತನ, ತಲೆಮಾರುಗಳಿಂದ ಅಲ್ಲೇ ಇದ್ದವರು. ಹಮಾಲ ಆತನ ಅಂಗಡಿಯಲ್ಲೂ ಹೊತ್ತವನು. ಎರಡೂ ಮಾಳಿಗೆಗಳ ನಡುವೆ ಮೊಣಕಾಲೆತ್ತರದ ಗೋಡೆ. ಗೌಂಡಿ ಮೇಲಿಂದ ಇಳಿಯುವುದನ್ನು ನೋಡಿ ವ್ಯಾಪಾರಿ ತಾನಾಗಿ ಬಂದು ವಿಷಯ ಕೇಳಿದ. ನಾನು ಸಂಕೋಚದಿಂದಲೇ ಹೇಳಿದೆ.

"ನಮ್ಮ ಮಾಳಗಿಗೆ ಹ್ವಾದ ವರ್ಷ ಕಲ್ಲ ಹಾಸೇವ್ರಿ," ಅಂದ ಆತ. "ಮಂದಿ ನಮ್ಮ ಕಡೆ ಕೂಡ್ರಲಿ. ಅಯ್ಯನವ್ರು, ಗಂಡು, ಹೆಣ್ಣು ಅವನ ಕಡೆ ನಿಂದರ್ರಿ. ಹೆಣ್ಮಕ್ಕಳಿಗೆ ಹತ್ತಾಕ ನಮ್ಮ ಒಳಗಿನ ಪಾವಟಿಗಿ ಅದಾವು, ನಿಚ್ಚಣಕಿ ಬ್ಯಾಡ." ಹೋಗುವಾಗ ತಿರುಗಿ ಹೇಳಿದ: "ಅವತ್ತ ನೀವು ಹೊತಗೊಂಡ ಹೋದಾಗ ನಾನೂ ಅಂಗಡಿ ಬಾಗಲಾ ಎಳದಿದ್ನಿರಿ. ಅವನಂತ ಗೊತ್ತಾಗಿ ಭಾಳ ಕೆಟ್ಟ ಅನಿಸಿತು."

ಗೌಂಡಿ ಹೊರಸಿನ ಎರಡೂ ಬದಿಗೆ ಬೇವಿನ ಗುಜ್ಜಿ, ಅಂದರೆ ಆನಿಕೆಯ ಕಂಬ, ಕೊಟ್ಟು ತೊಲೆಗಳನ್ನು ಎತ್ತಿ ಹಿಡಿದ. ಮೇಲಿನ ಹಳೆಯ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಇಳಿಸಿ ಭಾರ ಇಳಿಸಿದೆವು. ಆ ಬುಟ್ಟಿ ಹೊರಲು ನಾಲ್ವರೂ ಬಂದರು, ಅವತ್ತಿನ ಹೊರಸಿನ ನಾಲ್ವರು. ಅವರ ಹಿಂದೆ ಮಾಸ್ತರನೂ ಧೋತರ ಕಟ್ಟಿಕೊಂಡು ಬಂದ. ದನಿ ಕೇಳುತ್ತದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡಿದೆವು. ನಾನು ಮೇಲೆ ನಿಂತು ಪ್ರಶ್ನೆ ಕೇಳಿದೆ, ಕೆಳಗಿನಿಂದ ಹಮಾಲ "ಎಷ್ಟ ಸರತಿ ಕೇಳತೀರಿ, ಅವತ್ತ ಹೇಳತೇನಿ" ಅಂದ. ಪ್ರತಿ ಅಕ್ಷರ ಕೇಳಿಸಿತು.

ಲಗ್ನದ ದಿನ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ವ್ಯಾಪಾರಿಯ ಮಾಳಿಗೆ ತುಂಬಿತು: ಮುಧೋಳದವರು, ಬನಹಟ್ಟಿಯ ನೇಕಾರರು, ಬೀಳಗಿಯ ಗಂಡಿನ ಬಳಗ, ಓಣಿಯ ಶೈವರು, ಪೇಟೆಯ ಹಮಾಲರು. ಚುರುಮುರಿ ಮುದುಕಿಯೂ ಕೈಕೋಲು ಹಿಡಿದು ಪಾವಟಿಗೆ ಹತ್ತಿ ಬಂದಿದ್ದಳು. ಕಬ್ಬಿನ ಗಾಡಿಗಳು ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದವು. ಗೌಂಡಿ ಒಳಗೆ ಗುಜ್ಜಿಯ ಹತ್ತಿರ ಕೂತುಕೊಂಡ, ನಾ ಇಲ್ಲೇ ಇರತೇನಿ ಅಂತ.

ನಾವು ಬೆಳಕಿಂಡಿಯ ಸುತ್ತ ನಿಂತೆವು. ಮದುಮಗಳು ಬಿಳಿ ಸೀರೆಯಲ್ಲಿ. ಹಾಡಾಯಿತು, ಪ್ರಾರ್ಥನೆಯಾಯಿತು. ನಾನು ಆ ಕಥೆ ಓದಿದೆ, ಪಾಠ ತೆಗೆಯಲಿಲ್ಲ. ಓದಿ, ಪುಸ್ತಕ ಮುಚ್ಚಿ, ಪ್ರಶ್ನೆ ಕೇಳಿದೆ.

"ಈ ಕನ್ಯೆಯನ್ನು ಮದುವೆಗೆ ಕೊಡುವವರು ಯಾರು?"

ಕೆಳಗಿನಿಂದ ಸದ್ದಿಲ್ಲ. ಮಗಳು ತಲೆ ತಗ್ಗಿಸಿ ಆ ತೂತನ್ನೇ ನೋಡುತ್ತಿದ್ದಳು. ಹುಡುಗಿಯ ಕಾಕಾ ನನ್ನ ಮುಖ ನೋಡಿ, ನಾನು ಅನ್ನಲೇ ಎನ್ನುವಂತೆ ತುಟಿ ತೆರೆದ. ನಾನು ಕೈ ಅಡ್ಡ ಹಿಡಿದೆ. ಕಾಯುವುದನ್ನು ಆ ಕಥೆ ನನಗೆ ಕಲಿಸಿತ್ತು. ಹಗ್ಗ ಕಿರ್ರೆಂದಿತು, ಆತ ಎದ್ದು ಕೂಡುತ್ತಿದ್ದ. ಮಲಗಿಕೊಂಡು ಉತ್ತರ ಕೊಡಲು ಮನಸ್ಸಾಗಿರಲಿಲ್ಲ ಅಂತ ಕಾಣುತ್ತದೆ.

"ನಾನು," ಅಂತ ಬಂತು ದನಿ, ನಮ್ಮ ಕಾಲ ಕೆಳಗಿನಿಂದ, ಭಾರ ಎತ್ತುವಾಗ ಹಮಾಲರು ತೆಗೆಯುವ ದನಿ. "ನಾ ಕೊಡತೇನ್ರಿ. ಅಕಿ ಅಪ್ಪ."

ನಾನು ಮುಂದಿನ ಸಾಲು ಓದುವ ಮೊದಲೇ ಮಗಳು ಸೀರೆಯ ಲಕ್ಷ್ಯವಿಲ್ಲದೆ ಬೆಳಕಿಂಡಿಯ ಅಂಚಿಗೆ ಮೊಣಕಾಲೂರಿ ಕೂತು, ಬಗ್ಗಿ ಕೆಳಗೆ ನೋಡಿದಳು. ಅಂಚಿನ ಮಣ್ಣು ಬುಳಬುಳನೆ ಒಳಗೆ ಇಳಿಯಿತು. ಕೆಳಗಿನಿಂದ ಕೆಮ್ಮು ಕೇಳಿಸಿತು.

"ಲಗೂ ಮುಗಸ್ರೀಪಾ, ಮಾಳಗಿ ನನ್ನ ಮ್ಯಾಲ ಬೀಳಾಕತ್ತೇತಿ."

ಎರಡೂ ಮಾಳಿಗೆಯ ಮೇಲೆ ನಗು ಎದ್ದಿತು. ಅದರ ನಡುವೆಯೇ ಕಾಕಾ ಅವಳ ಕೈ ಹಿಡಿದು ಎಬ್ಬಿಸಿದ. ನಾನು ಆ ಕೈಯನ್ನು ಅವನ ಕೈಯಿಂದ ತೆಗೆದು ಹುಡುಗನ ಕೈಯಲ್ಲಿ ಇಟ್ಟೆ.

ಎಲ್ಲ ಮುಗಿದ ಮೇಲೆ, ಮದುಮಕ್ಕಳಿಗಿಂತ ಮುಂಚೆ ನಾನು ನಿಚ್ಚಣಿಕೆ ಇಳಿದು ಒಳಗೆ ಹೋದೆ. ಬೆಳಕಿಂಡಿಯ ಬೆಳಕು ನೇರವಾಗಿ ಆತನ ಮೇಲೆ ಬೀಳುತ್ತಿತ್ತು. ಹೊಸ ಅಂಗಿಯ ಹೆಗಲ ಮೇಲೆ, ತಲೆಗೂದಲಲ್ಲಿ, ಕಂಬಳಿಯ ಮಡಿಕೆಯಲ್ಲಿ ಎಲ್ಲ ಮಾಳಿಗೆಯ ಮಣ್ಣು. ಲಗ್ನದ ಮನೆ, ಜನ ಬರುತ್ತಾರೆ ಅಂತ ನಾನು ನನ್ನ ವಸ್ತ್ರ ತೆಗೆದು ಆತನ ಕೂದಲು ಝಾಡಿಸಲು ಹೋದೆ.

ಹಮಾಲ ನನ್ನ ಮಣಿಕಟ್ಟು ಹಿಡಿದ.

"ಇರಲಿ ಬಿಡ್ರಿ ಅಯ್ಯನವ್ರ," ಅಂದ. "ಆ ಕಥ್ಯಾಗ ಮಾಳಗಿ ಅಗದಾಗ ಕೆಳಗ ಕುಂತ ಯೇಸುಸ್ವಾಮಿ ಮ್ಯಾಲೂ ಇದ ಬಿದ್ದಿರತೈತಿ. ಆತ ಝಾಡಿಸಿಕೊಂಡಂತ ಬರದಿಲ್ಲಲ್ರಿ?"

ಇಲ್ಲ, ಬರೆದಿಲ್ಲ ಅಂದೆ. ವಸ್ತ್ರ ಮಡಿಚಿ ಕಿಸೆಗೆ ಹಾಕಿಕೊಂಡು, ಮದುಮಕ್ಕಳು ಒಳಗೆ ಬರುವವರೆಗೆ ಆತನ ಹೊರಸಿನ ಪಕ್ಕ, ಆ ಬೆಳಕಿನಲ್ಲಿ, ಕೂತಿದ್ದೆ.